ಪ್ಯಾರಾಚೂಟ್ ಕಂಪನಿಯ ಲೇಖನ

ಕುಣಿಗಲ್ಲಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಪ್ರೇಮಲತಾ ಸಂಜೆ ತುಮಕೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಸೀಟು ಹಿಡಿದಳೆಂದರೆ ಮೊದಲು ಮಾಡುತ್ತಿದ್ದ ಕೆಲಸ ಮೊಬೈಲಿನಲ್ಲಿ ಒಂದೇ ಒಂದು ಪುಟವನ್ನು ತೆರೆಯುವುದು. ಹೆಬ್ಬೂರು ಬರುವವರೆಗೆ ನೆಟ್‌ವರ್ಕಿನದು ಬಂದೆ ಹೋದೆ ಎನ್ನುವ ಕಣ್ಣಾಮುಚ್ಚಾಲೆ. ಪುಟ ಅರ್ಧ ಬಂದು ನಿಂತುಬಿಡುತ್ತಿತ್ತು. ಅವಳು ಬೆರಳಿಂದ ಮತ್ತೆ ಮತ್ತೆ ಕೆಳಕ್ಕೆಳೆಯುತ್ತಾ ಕೂರುತ್ತಿದ್ದಳು. ಪಕ್ಕದಲ್ಲಿ ಕೂತವರು ಮಗನದೋ ಮಗಳದೋ ಮೆಸೇಜಿಗೆ ಕಾಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಿರಬೇಕು. ಅವಳಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಅದು ಕೂಡಿಬಾರದ ಸಂಸಾರವೆಂದು ಇಬ್ಬರಿಗೂ ಗೊತ್ತಾಗಿ, ಜಗಳವಿಲ್ಲದೆ ಬೇರೆಯಾಗಿ, ಮರಳೂರಿನಲ್ಲಿದ್ದ ತಾಯಿ ಪುಟ್ಟತಾಯಮ್ಮನ ಮನೆಗೆ ಬಂದವಳು ಅಲ್ಲೇ ಉಳಿದಿದ್ದಳು. ಈಗ ಅವಳಿಗೆ ನಲವತ್ನಾಲ್ಕು.

ಅವಳು ತೆರೆಯುತ್ತಿದ್ದುದು ಒಂದು ವಿಶ್ವಕೋಶದ ಚರ್ಚಾಪುಟ. ಕನ್ನಡ ಬಲ್ಲ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶ ಅದು. ಮೇಷ್ಟ್ರುಗಳು, ಬ್ಯಾಂಕಿನವರು, ಎಂಜಿನಿಯರುಗಳು, ಮನೆಯಲ್ಲಿರುವ ಹೆಂಗಸರು, ಹೀಗೆ ನಾಡಿನ ಮೂಲೆಮೂಲೆಯ ಜನ ತಮಗೆ ಗೊತ್ತಿದ್ದನ್ನು ಅಲ್ಲಿ ಬರೆದಿಡುತ್ತಿದ್ದರು. ಚೆನ್ನಾಗಿ ಬಂದ ಲೇಖನವೊಂದನ್ನು ಆರಿಸಿ ವಾರಕ್ಕೊಂದರಂತೆ ಮುಖಪುಟದಲ್ಲಿ ಮೆರೆಸುವ ಪದ್ಧತಿಯಿತ್ತು. ಹಾಗೆ ಮೆರೆಸುವ ಮುಂಚೆ ಒಬ್ಬರು ಪರಿಶೀಲಕರು ಲೇಖನವನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳಬೇಕು, ಬರೆದವರು ಉತ್ತರ ಕೊಡಬೇಕು, ಕೊನೆಗೆ ಪರಿಶೀಲಕರು ಆಗಬಹುದು ಎಂದೋ ಬೇಡ ಎಂದೋ ಹೇಳಬೇಕು.

ದೀಪಾವಳಿ ಕಳೆದ ಮೇಲೆ ಪ್ರೇಮಲತಾಳ ಪಾಲಿಗೆ ಬಂದ ಲೇಖನ ‘ಶ್ಯೇನ ಡಿಫೆನ್ಸ್ ಫ್ಯಾಬ್ರಿಕ್ಸ್’. ಗುಬ್ಬಿ ರಸ್ತೆಯಲ್ಲಿ, ತೆಂಗಿನ ತೋಟಗಳ ನಡುವೆ ಉದ್ದುದ್ದ ಶೆಡ್ಡುಗಳನ್ನು ಕಟ್ಟಿಕೊಂಡು ಸೇನೆಗೆ ಪ್ಯಾರಾಚೂಟ್ ಹೊಲಿದುಕೊಡುವ ಕಂಪನಿ ಅದು. ಬರೆದವನು ಭಾನುಪ್ರಕಾಶ್. ಅದೇ ಕಂಪನಿಯಲ್ಲಿ ತಪಾಸಣೆ ವಿಭಾಗದವನು. ವಿಶ್ವಕೋಶದ ನಿಯಮ ಗೊತ್ತಿದ್ದವನಾದ್ದರಿಂದ ಚರ್ಚಾಪುಟದ ನೆತ್ತಿಯ ಮೇಲೇ ಬರೆದಿದ್ದ: ‘ನಾನು ಈ ಕಂಪನಿಯ ನೌಕರ. ಆದ್ದರಿಂದ ಈ ಲೇಖನದ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ದಯವಿಟ್ಟು ಬೇರೆಯವರು ಕಟ್ಟುನಿಟ್ಟಾಗಿ ನೋಡಿ.’

ಅವನನ್ನು ಪ್ರೇಮಲತಾ ಒಮ್ಮೆ ನೋಡಿದ್ದಳು. ಎರಡು ವರ್ಷದ ಹಿಂದೆ ತುಮಕೂರಿನಲ್ಲಿ ವಿಶ್ವಕೋಶದ ಕಮ್ಮಟ ನಡೆದಾಗ ಪಕ್ಕದ ಕುರ್ಚಿಯಲ್ಲಿ ಕೂತು, ಎರಡೇ ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತುತ್ತಿದ್ದ ಮನುಷ್ಯ. “ಮೇಡಂ, ಈ ಅರ್ಕಾವೊತ್ತು ಎಲ್ಲಿ ಅಡಗಿ ಕೂತದೆ?” ಎಂದು ಕೇಳಿದ್ದ. ಊಟದ ಹೊತ್ತಿನಲ್ಲಿ, ನೀವೇನು ಕೆಲಸ ಮಾಡುತ್ತೀರಿ ಎಂದು ಅವಳು ಕೇಳಿದ್ದಕ್ಕೆ ಬಾಯಲ್ಲಿ ಹೇಳದೆ ಕರ್ಚೀಫು ತೆಗೆದು ನಾಲ್ಕು ಮೂಲೆಗೆ ದಾರ ಕಟ್ಟಿ, ದಾರದ ತುದಿಗೆ ಬಾಟಲಿಯ ಮುಚ್ಚಳ ಕಟ್ಟಿ, ಮಹಡಿಯ ಮೇಲಿಂದ ಕೆಳಕ್ಕೆ ಬಿಟ್ಟಿದ್ದ. ಕರ್ಚೀಫು ಒಂದು ಗಳಿಗೆ ಮುದುಡಿ, ಆಮೇಲೆ ಪಟ್ಟನೆ ಅರಳಿ, ಯಾವ ಅವಸರವೂ ಇಲ್ಲದೆ ಅಂಗಳಕ್ಕೆ ಇಳಿದಿತ್ತು. ಅವಳು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದ್ದಳು. “ಅರಳೋದು ನೋಡಿದ್ರಲ್ಲ, ಅದು ಅರಳೇ ಅರಳುತ್ತೆ ಅಂತ ಗ್ಯಾರಂಟಿ ಕೊಡೋದು ನನ್ನ ಕೆಲಸ,” ಎಂದಿದ್ದ. ಹೆಂಡತಿ ತೀರಿಹೋಗಿ ಕೆಲವು ವರ್ಷವಾಯಿತೆಂದೂ, ಮಗಳು ಯಶಸ್ವಿನಿ ಮೈಸೂರಿನಲ್ಲಿ ಓದುತ್ತಿದ್ದಾಳೆಂದೂ ಮಾತಿನ ನಡುವೆ ಹೇಳಿದ್ದ. ಅಷ್ಟೇ. ಮತ್ತೆ ಸಿಕ್ಕಿರಲಿಲ್ಲ.

ಪರಿಶೀಲನೆಯ ಮೊದಲ ಪ್ರಶ್ನೆಗಳು ಪ್ರಾಮಾಣಿಕವಾದವೇ. ಕಂಪನಿ ಶುರುವಾದ ವರ್ಷಕ್ಕೆ ಆಧಾರ ಎಲ್ಲಿ, ಈ ಪ್ಯಾರಾ ಜಾಹೀರಾತಿನ ಹಾಗೆ ಕೇಳಿಸುತ್ತದೆ ತಿದ್ದಿ, ಇಲ್ಲೊಂದು ವಿಭಕ್ತಿ ತಪ್ಪಿದೆ. ಅವನು ದಿನವೂ ಪಾಳಿ ಮುಗಿಸಿಕೊಂಡು ಬಂದು ಒಂದೊಂದಕ್ಕೇ ಉತ್ತರ ಕೊಡುತ್ತಿದ್ದ. ಹಾಗೆ ಒಂದು ಸಂಜೆ ಅವಳು ಬರೆದಳು: ‘ಒಂದು ಕಡೆ ನೈಲಾನ್ ಬಟ್ಟೆ ಎಂದಿದೆ, ಇನ್ನೊಂದು ಕಡೆ ಛತ್ರದ ಬಟ್ಟೆ ಎಂದಿದೆ. ಎರಡೂ ಒಂದೆಯೇ?’

ಉತ್ತರ ಬಂತು: ‘ಎರಡೂ ಒಂದೇ. ಛತ್ರ ಅನ್ನುವುದು ನಾನೇ ಇಟ್ಟುಕೊಂಡ ಹೆಸರು. ಕೊಡೆಯ ಹಾಗೆ ಅರಳುವ ಆ ಭಾಗಕ್ಕೆ ನಮ್ಮ ಕಂಪನಿಯಲ್ಲಿ ಎಲ್ಲರೂ ಕ್ಯಾನಪಿ ಅನ್ನುತ್ತಾರೆ. ನಿಮಗೆ ಸರಿ ಕಾಣದಿದ್ದರೆ ತೆಗೆದುಹಾಕಿ.’

‘ತೆಗೆಯುವುದು ಬೇಡ. ಚೆನ್ನಾಗಿದೆ,’ ಎಂದು ಅವಳು ಬರೆದಳು. ಬರೆದ ಮೇಲೆ ಎದೆಯಲ್ಲಿ ಏನೋ ಬೆಚ್ಚಗಾಯಿತು.

ಅಲ್ಲಿಂದ ಪ್ರಶ್ನೆಗಳ ಬಣ್ಣ ಬದಲಾಯಿತು. ಪ್ಯಾರಾಚೂಟ್ ಮಡಿಸುವ ಮೇಜು ಅಷ್ಟು ಉದ್ದ ಯಾಕಿರುತ್ತದೆ ಎಂದು ಕೇಳಿದಳು. ಲೇಖನಕ್ಕೆ ಆ ವಿವರ ಏನೇನೂ ಬೇಕಿರಲಿಲ್ಲ. ಅವನು ಎರಡು ಪ್ಯಾರಾ ಬರೆದ. ಮಡಿಸುವ ಕೋಣೆಯಲ್ಲಿ ಫ್ಯಾನು ಹಾಕುವುದಿಲ್ಲ, ಬೇಸಿಗೆಯಲ್ಲೂ. ಮಡಿಸುವವರು ಮಾತಾಡುವುದಿಲ್ಲ. ಮೊದಮೊದಲು ಅಲ್ಲಿಗೆ ಹೋದಾಗ ಹೆರಿಗೆ ಮನೆಯ ಹೊರಗೆ ನಿಂತ ಹಾಗೆ ಅನ್ನಿಸುತ್ತಿತ್ತು. ಕೊನೆಗೆ ಬರೆದಿದ್ದ: ‘ಇದು ಲೇಖನಕ್ಕೆ ಬೇಡ. ನಿಮಗೆ ಹೇಳಿದೆ ಅಷ್ಟೆ.’

‘ನಿಮಗೆ ಹೇಳಿದೆ’ ಎಂಬ ಆ ಎರಡು ಮಾತನ್ನು ಅವಳು ಹೆಬ್ಬೂರಿನಿಂದ ಗೂಳೂರಿನವರೆಗೂ ಓದಿದಳು. ಗೂಳೂರು ಅವನ ಹುಟ್ಟೂರು. ಅಣ್ಣತಮ್ಮಂದಿರು ಈಗಲೂ ಅಲ್ಲೇ ರಾಗಿ ಹೊಲ, ತೆಂಗಿನ ತೋಟ ನೋಡಿಕೊಂಡಿದ್ದಾರೆ ಎಂದು ಒಂದು ಉತ್ತರದಲ್ಲಿ ಬಂದಿತ್ತು. ಇಷ್ಟು ವರ್ಷ ದಿನಕ್ಕೆ ಎರಡು ಬಾರಿ ಆ ಊರನ್ನು ದಾಟಿಯೂ ಅವಳು ಸರಿಯಾಗಿ ನೋಡಿರಲಿಲ್ಲ. ಈಗ ಬಸ್ಸು ಅಲ್ಲಿ ನಿಂತರೆ ಹತ್ತುವ ಇಳಿಯುವ ಮುಖಗಳಲ್ಲೆಲ್ಲ ಅವನ ಮೂಗು, ಅವನ ಹುಬ್ಬು ಇದೆಯೇನೋ ಎಂದು ಹುಡುಕುತ್ತಿದ್ದಳು. ತನಗೆ ತಾನೇ ನಾಚಿಕೊಳ್ಳುತ್ತಿದ್ದಳು.

ಪ್ರಶ್ನೆ ಕೇಳುವುದು ನಿಂತರೆ ಪರಿಶೀಲನೆ ಮುಗಿಯುತ್ತದೆ. ಪರಿಶೀಲನೆ ಮುಗಿದರೆ ಅವನು ದಿನವೂ ಬರೆಯುವುದಕ್ಕೆ ಕಾರಣವಿಲ್ಲ. ಇದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆದ್ದರಿಂದ ಸಂಕ್ರಾಂತಿ ಬಂದು ಹೋದರೂ, ಅವರೆಕಾಯಿ ಕಾಲ ಮುಗಿಯುತ್ತಾ ಬಂದರೂ ಲೇಖನ ಅವಳ ಕೈಯಲ್ಲೇ ಇತ್ತು. ಅವನಾದರೂ ಒಂದು ದಿನವೂ ಇನ್ನೆಷ್ಟು ಕೇಳುತ್ತೀರಿ ಎನ್ನಲಿಲ್ಲ.

ಹಾಗೆಂದವರು ವೀರಭದ್ರಯ್ಯ. ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದ ಅವರು ಮುಖಪುಟದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ, ಪ್ರೇಮಲತಾ ಕಾಲೇಜಿನಿಂದ ಬಂದು ಕಾಲು ತೊಳೆದುಕೊಳ್ಳುತ್ತಿರುವಾಗ ಫೋನು ಮಾಡಿದರು.

“ನೋಡಮ್ಮ, ಪ್ಯಾರಾಚೂಟ್ ಕಂಪನಿ ಲೇಖನ ಏನಾಯ್ತು? ದೀಪಾವಳಿಗೆ ಕೊಟ್ಟಿದ್ದು, ಇನ್ನು ಯುಗಾದಿ ಬಂದುಬಿಡುತ್ತೆ.”

“ಇನ್ನೂ ಒಂದೆರಡು ಸಂದೇಹ ಇದೆ ಸಾರ್.”

“ಸಂದೇಹ ಇರ್ಲಿ. ಆದ್ರೆ ಜನ ಮಾತಾಡ್ಕೊತಾ ಇದಾರೆ. ಮೇಡಂಗೆ ಮಿಲಿಟರಿ ಕಂಪನಿ ಅಂದ್ರೆ ಆಗಲ್ಲ, ಅದಕ್ಕೇ ತಡೆ ಹಿಡಿದಿದಾರೆ ಅಂತ ಕೆಲವರು. ಇನ್ನು ಕೆಲವರು… ನಿಮ್ಮಿಬ್ಬರ ಚರ್ಚೆ ನಾನು ಓದಿದೀನಮ್ಮ. ಓದೋಕೆ ಬಹಳ ಚೆನ್ನಾಗಿದೆ. ಆದ್ರೆ ಬೇಸಿಗೇಲಿ ಅವರ ಮಗಳು ಓದೋ ಮೈಸೂರಲ್ಲಿ ಸೆಕೆ ಹೇಗಿರುತ್ತೆ ಅನ್ನೋದಕ್ಕೂ ನಮ್ಮ ಲೇಖನಕ್ಕೂ ಏನು ಸಂಬಂಧ?”

ಆ ಪುಟ ಜಗತ್ತಿಗೆಲ್ಲ ತೆರೆದದ್ದು, ಯಾರು ಬೇಕಾದರೂ ಓದಬಹುದು ಎಂಬುದು ಅವಳಿಗೆ ಮರೆತೇಹೋಗಿತ್ತು. ಬಾಗಿಲು ತೆರೆದಿಟ್ಟ ಮನೆಯಲ್ಲಿ ಕೂತು ಪಿಸುಮಾತಾಡಿದ ಹಾಗಾಗಿತ್ತು.

“ಇಷ್ಟರಲ್ಲೇ ತೀರ್ಮಾನ ಹೇಳ್ತೀನಿ ಸಾರ್,” ಎಂದಳು.

ಅಂದು ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಕೂತು ಲೇಖನವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಅವನನ್ನು ಓದುವುದು ಬಿಟ್ಟು ಲೇಖನವನ್ನೇ ಓದಿ ಎಷ್ಟೋ ವಾರಗಳಾಗಿದ್ದವು. ಚೆನ್ನಾಗಿತ್ತು. ದಾರ, ಹೊಲಿಗೆ, ಮಡಿಕೆ, ಪರೀಕ್ಷೆ ಎಲ್ಲವೂ ಹಳ್ಳಿಯ ಹುಡುಗರಿಗೂ ಅರ್ಥವಾಗುವ ಕನ್ನಡದಲ್ಲಿತ್ತು. ಕಂಪನಿಯನ್ನು ಹೊಗಳುವ ಮಾತು ಒಂದೂ ಉಳಿದಿರಲಿಲ್ಲ. ಪ್ಯಾರಾಚೂಟಿನಲ್ಲಿ ಕೆಳಗಿಳಿಯುವವರು ಯಾರ್ಯಾರು ಎಂಬ ಭಾಗವಂತೂ ಕಣ್ಣಿಗೆ ಕಟ್ಟುವ ಹಾಗಿತ್ತು. ವಿಮಾನಕ್ಕೆ ಬೆಂಕಿ ಬಿದ್ದಾಗ ಹಾರಿಕೊಳ್ಳುವ ಪೈಲಟ್, ಹಿಮದ ಗಡಿಯಲ್ಲಿ ಸಿಕ್ಕಿಕೊಂಡ ಸೈನಿಕರಿಗೆ ಹೋಗುವ ಅಕ್ಕಿ ಬೇಳೆ ಔಷಧಿ, ಪ್ರವಾಹದ ನಡುವೆ ಬೀಳುವ ಹಾಲಿನ ಪುಡಿ.

ಆದರೆ ಒಂದು ಕೊರತೆ ಇತ್ತು. ಅದು ಅವಳಿಗೆ ಮೊದಲ ವಾರವೇ ಗೊತ್ತಿತ್ತು. ಕಂಪನಿಯೇ ಎಲ್ಲರಿಗೂ ಕಾಣುವಂತೆ ಹಾಕಿದ್ದ ವಾರ್ಷಿಕ ವರದಿಯಲ್ಲಿ, ತಯಾರಿಸುವ ಸರಕುಗಳ ನಡುವೆ, ಬಾಂಬುಗಳಿಗೆ ಕಟ್ಟುವ ಪ್ಯಾರಾಚೂಟುಗಳ ಮಾತೂ ಇತ್ತು. ಈಚಿನ ವರ್ಷಗಳಲ್ಲಿ ಹೆಚ್ಚು ಮಾರಾಟವಾಗುತ್ತಿದ್ದುದೂ ಅವೇ. ಲೇಖನದಲ್ಲಿ ಅದರ ಸುಳಿವೇ ಇರಲಿಲ್ಲ. ಕೇಳಿದರೆ ಅವನಿಗೆ ನೋವಾದೀತು ಎಂಬ ಅಳುಕಿನಿಂದ ಅವಳು ಕೇಳಿರಲಿಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳದೆ, ಕೇಳಬೇಕಿಲ್ಲದ ಪ್ರಶ್ನೆಗಳನ್ನೆಲ್ಲ ಅದರ ಮೇಲೆ ಹೊದೆಸುತ್ತಾ ಬಂದಿದ್ದಳು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಚರ್ಚಾಪುಟದಲ್ಲಿ ಬರೆದಳು: ‘ಈ ಲೇಖನ ಪ್ಯಾರಾಚೂಟಿನಲ್ಲಿ ಯಾರು ಇಳಿಯುತ್ತಾರೆ ಎಂದು ಹೇಳುತ್ತದೆ. ಇನ್ನೂ ಏನೇನು ಇಳಿಯುತ್ತದೆ ಎಂದು ಹೇಳುವುದಿಲ್ಲ. ಕಂಪನಿಯ ವಾರ್ಷಿಕ ವರದಿಯಲ್ಲಿ ಬಾಂಬಿನ ಪ್ಯಾರಾಚೂಟುಗಳ ಪ್ರಸ್ತಾಪವಿದೆ. ಅದು ಲೇಖನದಲ್ಲಿ ಯಾಕಿಲ್ಲ?’

ಮರುದಿನ ಉತ್ತರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಸ್ಸಿನಲ್ಲಿ ಪುಟ ತೆರೆದರೆ ಅವಳದೇ ಪ್ರಶ್ನೆ ತಳದಲ್ಲಿ ಒಂಟಿಯಾಗಿ ಕೂತಿರುತ್ತಿತ್ತು. ಗೂಳೂರು ಬಂದಾಗ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದಳು. ತರಗತಿಯಲ್ಲಿ ಸಂಧಿ ಬಿಡಿಸುತ್ತಾ ಬಿಡಿಸುತ್ತಾ ಮಧ್ಯದಲ್ಲಿ ಮಾತು ನಿಂತುಹೋಗಿ ಮಕ್ಕಳು ಮುಖ ಮುಖ ನೋಡಿಕೊಂಡರು. ತಾನು ಕಳೆದುಕೊಂಡಿದ್ದಾದರೂ ಏನು? ಹಿಡಿದ ಒಂದು ಕೈಯೇ, ಕೊಟ್ಟ ಒಂದು ಮಾತೇ? ಏನೂ ಅಲ್ಲ. ಮಡಿಸುವ ಮೇಜಿನ ಉದ್ದ, ದಾರದ ಬಣ್ಣ, ಇಂಥವು ಅಷ್ಟೆ. ಆದರೂ ಊಟದ ತಟ್ಟೆಯ ಮುಂದೆ ಕೂತರೆ ಕೈ ಫೋನಿನ ಕಡೆಗೇ ಹೋಗುತ್ತಿತ್ತು.

“ಏನೇ ಅದು, ಫೋನ್ ನೋಡ್ತಾ ನೋಡ್ತಾ ಸಾರು ಆರೋಯ್ತು,” ಎಂದಳು ಪುಟ್ಟತಾಯಮ್ಮ. “ಯಾರ್ದಾರೂ ಸಾವುನೋವಾ?”

“ಇಲ್ಲಮ್ಮ. ಒಂದು ಕೆಲಸ ನಿಂತುಹೋಗಿದೆ.”

“ನಿಂತ್ರೆ ನಿಲ್ಲಲಿ ಬುಡು. ಉಣ್ಣು ಮೊದ್ಲು.”

ವಾರ ತಿರುಗುವ ಹೊತ್ತಿಗೆ ಅವಳು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು.

“ಪ್ರೇಮಲತಾ ಮೇಡಂ? ನಾನು ಭಾನುಪ್ರಕಾಶ್. ನಂಬರು ವೀರಭದ್ರಯ್ಯ ಸಾರ್ ಹತ್ರ ಇಸ್ಕೊಂಡೆ. ತಪ್ಪು ತಿಳ್ಕೋಬೇಡಿ.”

“ಇಲ್ಲ, ಹೇಳಿ,” ಎಂದಳು. ಅವಳ ದನಿ ಅವಳಿಗೇ ಬೇರೆಯವರದು ಎನ್ನಿಸಿತು.

“ನಿಮ್ಮ ಪ್ರಶ್ನೆಗೆ ಅಲ್ಲಿ ಉತ್ತರ ಬರೆಯೋಕೆ ಆಗ್ತಾ ಇಲ್ಲ. ಬರೀತೀನಿ, ಅಳಿಸ್ತೀನಿ. ಭಾನುವಾರ ಗುಬ್ಬಿಗೆ ಬರೋಕಾಗುತ್ತಾ? ಇಲ್ಲಾಂದ್ರೆ ನಾನೇ ತುಮಕೂರಿಗೆ ಬರ್ತೀನಿ.”

“ನಾನೇ ಬರ್ತೀನಿ,” ಎಂದಳು. ಹೇಳುವ ಮುಂಚೆ ಯೋಚಿಸಲೇ ಇಲ್ಲ.

ಭಾನುವಾರ ಬೆಳಿಗ್ಗೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಮೊದಲೇ ಬಂದು ನಿಂತಿದ್ದ. ತಲೆಗೂದಲು ಹಿಂದಿಗಿಂತ ನೆರೆತಿತ್ತು. ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು ತೊಟ್ಟಿದ್ದ. ಹೋಟೆಲಿನಲ್ಲಿ ಕಾಫಿ ಕುಡಿದರು. ಅಲ್ಲಿ ಗಲಾಟೆ ಹೆಚ್ಚಿದ್ದರಿಂದ ಕೆರೆ ಏರಿಯ ಕಡೆ ನಡೆದರು. ಬಿಸಿಲು ಇನ್ನೂ ಎಳೆಯದಾಗಿತ್ತು. ನೀರಿನಂಚಿನಲ್ಲಿ ಬೆಳ್ಳಕ್ಕಿಗಳು ಕಾಲೂರಿ ನಿಂತಿದ್ದವು. ಅಷ್ಟೊಂದು ಬರೆದುಕೊಂಡಿದ್ದವರಿಗೆ ಬಾಯಲ್ಲಿ ಒಂದು ಮಾತು ಹುಟ್ಟಲಿಲ್ಲ.

ಕೊನೆಗೆ ಅವನೇ ಶುರುಮಾಡಿದ. “ಕೆಲಸ ಹೋಗುತ್ತೆ ಅಂತ ಹೆದರಿ ಬಿಟ್ಟಿದ್ದಲ್ಲ ಮೇಡಂ. ಅದು ವರದೀಲೇ ಐತೆ, ಮುಚ್ಚುಮರೆ ಏನಿಲ್ಲ. ನಾನು ಸೇರಿದಾಗ ಮನುಷ್ಯರಿಗೆ ಕಟ್ಟೋ ಪ್ಯಾರಾಚೂಟ್ ಮಾತ್ರ ಇತ್ತು. ಒಂದೊಂದು ಹೊಲಿಗೆ ನೋಡುವಾಗ್ಲೂ, ಇದ್ರಲ್ಲಿ ಯಾರೋ ಇಳಿದು ಮನೆಗೆ ಹೋಗ್ತಾರೆ ಅನ್ಕೊತಿದ್ದೆ. ನಮ್ಮ ಮನೆಯೋಳು ಬದುಕಿದ್ದಾಗ ಸಂಜೆ ಬಂದು ಅವಳಿಗೆ ಹೇಳೋನು, ಇವತ್ತು ಇಷ್ಟು ಜನ ಮನೆಗೆ ಹೋದ್ರು ಅಂತ. ಅವಳು ನಗೋಳು.”

“ಆಮೇಲೆ?”

“ಆಮೇಲೆ ಎರಡ್ನೇ ಶೆಡ್ಡು ಬಂತು. ಬಾಂಬಿಂದು. ವಿಮಾನ ತೀರಾ ಕೆಳಗೆ ಹಾರ್ತಾ ಬಾಂಬ್ ಹಾಕಿದ್ರೆ ಅದು ಸಿಡಿದಾಗ ವಿಮಾನಕ್ಕೂ ಏಟು ಬೀಳುತ್ತೆ. ಬಾಂಬ್ ನಿಧಾನಕ್ಕೆ ಇಳೀಲಿ, ಅಷ್ಟರಲ್ಲಿ ಪೈಲಟ್ ದೂರ ಹೋಗ್ಲಿ ಅಂತ ಅದಕ್ಕೊಂದು ಪ್ಯಾರಾಚೂಟ್. ಅಲ್ಲೂ ಒಬ್ಬ ಮನುಷ್ಯ ಉಳ್ಕೊತಾನೆ ಅಂತ ನನಗೆ ನಾನೇ ಹೇಳ್ಕೊಂಡೆ. ಅದು ಸುಳ್ಳಲ್ಲ. ಆದ್ರೆ…” ಅವನು ಕೆರೆಯ ಕಡೆ ತಿರುಗಿದ. “ಹೋದ ವರ್ಷ ನನ್ನ ಅಲ್ಲಿಗೆ ಹಾಕಿದ್ರು. ದೇಶಕ್ಕೆ ಬೇಕಾದ ಕೆಲಸ, ಬೇಡ ಅನ್ನೋಕೆ ನಾನ್ಯಾರು? ಅದೇ ಬಟ್ಟೆ, ಅದೇ ದಾರ, ಅದೇ ಹೊಲಿಗೆ. ಕೈಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಸಂಜೆ ಮನೆಗೆ ಬಂದ್ರೆ ಹೇಳೋಕೆ ಅವಳೂ ಇಲ್ಲ, ಹೇಳೋ ಮಾತೂ ಇಲ್ಲ. ಆಗ ಈ ಲೇಖನ ಬರೆಯೋಕೆ ಕೂತೆ. ಹಳೇ ಶೆಡ್ಡಿನ ಬಗ್ಗೆ ಬರೀತಾ ಬರೀತಾ ಅಲ್ಲೇ ಇದೀನಿ ಅನ್ನಿಸ್ತಿತ್ತು.”

ಪ್ರೇಮಲತಾ ಅವನ ಉತ್ತರಕ್ಕಾಗಿ ಹಂಬಲಿಸಿದ್ದ ಹಾಗೆಯೇ ಅವನೂ ಆ ಪುಟದಲ್ಲಿ ಕೂತು ಇನ್ನೆಲ್ಲಿಗೋ ಹಂಬಲಿಸುತ್ತಿದ್ದ.

“ಅದನ್ನ ಸೇರಿಸ್ದೇ ಮುಖಪುಟಕ್ಕೆ ಹಾಕೋಕಾಗಲ್ಲ,” ಎಂದಳು ಮೆಲ್ಲಗೆ.

“ಗೊತ್ತು. ನೀವು ಕೇಳಿದ್ದು ಸರಿ. ಆದ್ರೆ ನನ್ನ ಕೈಯಲ್ಲಿ ಅದು ಬರ್ತಾ ಇಲ್ಲ.”

“ನಾನು ಬರೆದ್ರೆ?”

ಅವನು ಅವಳನ್ನು ನೋಡಿದ. “ಬರೀರಿ. ನೀವಾದ್ರೆ ನೆಟ್ಟಗೆ ಬರೀತೀರ. ಹೆಚ್ಚೂ ಇಲ್ಲ ಕಡಿಮೇನೂ ಇಲ್ಲ.” ಸ್ವಲ್ಪ ದೂರ ನಡೆದ ಮೇಲೆ ಕೇಳಿದ, “ಒಂದು ಕೇಳ್ಲಾ? ಆ ಮೇಜಿನ ಉದ್ದ, ದಾರದ ಬಣ್ಣ, ಅದೆಲ್ಲ ನಿಜವಾಗ್ಲೂ ಲೇಖನಕ್ಕೆ ಬೇಕಾಗಿತ್ತಾ?”

“ಇಲ್ಲ,” ಎಂದಳು ಪ್ರೇಮಲತಾ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ನನಗೂ ಹಾಗೇ ಅನ್ನಿಸ್ತಿತ್ತು,” ಎಂದ. ನಗಲಿಲ್ಲ. ಆದರೆ ಅವನ ನಡಿಗೆ ನಿಧಾನವಾಯಿತು. ಏರಿ ಬೇಗ ಮುಗಿಯದಿರಲಿ ಎನ್ನುವವನ ಹಾಗೆ ನಡೆದ.

ವಾಪಸು ಬಸ್ ಹತ್ತಿಸುವಾಗ ಹೇಳಿದ, “ಬರೋ ವಾರ ಎರಡ್ನೇ ಶೆಡ್ಡಿನ ಮಾಲಿನ ಟ್ರಯಲ್‌ಗೆ ಹೋಗ್ತಾ ಇದೀನಿ. ರಾಜಸ್ಥಾನದ ಕಡೆ. ಯಾವ ಜಾಗ ಅಂತ ಹೇಳೋ ಹಾಗಿಲ್ಲ, ಫೋನೂ ಒಳಗೆ ಬಿಡಲ್ಲ. ಮುಗಿಯೋದು ಯಾವಾಗ ಅಂತ ನನಗೂ ಗೊತ್ತಿಲ್ಲ.”

“ಹುಷಾರು,” ಎಂದಳು. ಬೇರೆ ಎಷ್ಟೋ ಮಾತಿತ್ತು. ಕಂಡಕ್ಟರು ಸೀಟಿ ಊದಿದ.

ಆ ಮಧ್ಯಾಹ್ನವೇ ಮನೆಗೆ ಬಂದು ಅವಳು ಬರೆಯಲು ಕೂತಳು. ಒಂದೇ ಪ್ಯಾರಾ. ಕಂಪನಿಯ ಎರಡನೆಯ ಘಟಕದಲ್ಲಿ ಏನು ತಯಾರಾಗುತ್ತದೆ, ಅದು ಯಾತಕ್ಕೆ, ಎಂದಿನಿಂದ, ಎಲ್ಲಿ ಹೇಳಿದೆ. ಹೊಗಳಿಕೆಯಿಲ್ಲ, ಮೂದಲಿಕೆಯಿಲ್ಲ. ಅವನ ಸಾಲುಗಳ ಪಕ್ಕದಲ್ಲಿ ತನ್ನ ಸಾಲುಗಳು ಕೂತದ್ದನ್ನು ನೋಡುವಾಗ ಒಂದು ಬಗೆಯ ಸಂಕಟ, ಒಂದು ಬಗೆಯ ಸುಖ ಎರಡೂ ಆಯಿತು. ಹಾಲಿನ ಪುಡಿಯ ಸಾಲು ಮುಗಿದ ಕೂಡಲೆ ಬಾಂಬಿನ ಸಾಲು ಬರುತ್ತಿತ್ತು. ಅದು ಬರಬೇಕಾದದ್ದೇ ಅಲ್ಲಿ.

ಇನ್ನು ತೀರ್ಮಾನ. ಲೇಖನ ಈಗ ಪೂರ್ತಿಯಾಗಿತ್ತು. ‘ಆಗಬಹುದು’ ಎಂದು ಒಂದು ಪದ ಬರೆದರೆ ಮುಗಿಯಿತು. ಅವಳು ಬೆರಳಿಟ್ಟಳು. ಆದರೆ ಆ ಪದ ಬರೆಯುವ ಹಕ್ಕು ತನಗಿಲ್ಲ ಎನ್ನಿಸಿತು. ಪುಟದ ನೆತ್ತಿಯ ಮೇಲೆ ಅವನ ಘೋಷಣೆ ಇತ್ತು. ಕಂಪನಿಯ ನೌಕರ, ನಿಷ್ಪಕ್ಷಪಾತಿ ಅಲ್ಲ. ಇಷ್ಟು ತಿಂಗಳು ತಾನು ಮಾತ್ರ ನಿಷ್ಪಕ್ಷಪಾತಿಯ ವೇಷ ಹಾಕಿಕೊಂಡು ಕೂತಿದ್ದಳು. ಅವಳು ಎದ್ದು ನೀರು ಕುಡಿದಳು. ಹಿತ್ತಲಿಗೆ ಹೋಗಿ ತೆಂಗಿನ ಮರದ ಬುಡಕ್ಕೆ ಒಂದು ಬಿಂದಿಗೆ ನೀರು ಸುರಿದಳು. ಮತ್ತೆ ಬಂದು ಕೂತು ಅವನ ಸಾಲಿನ ಕೆಳಗೇ ಬರೆದಳು:

‘ಈ ಲೇಖನದ ಒಂದು ಭಾಗವನ್ನು ಈಗ ನಾನೇ ಬರೆದಿದ್ದೇನೆ. ಅಲ್ಲದೆ ಇದನ್ನು ಬರೆದವರ ಬಗ್ಗೆ ನನಗೆ ವೈಯಕ್ತಿಕವಾಗಿ ಅಭಿಮಾನವಿದೆ. ಆ ಕಾರಣಕ್ಕೆ ಪರಿಶೀಲನೆಯನ್ನು ಬೇಕೆಂದೇ ತಡಮಾಡಿದ್ದೇನೆ. ಈ ವಿಷಯದಲ್ಲಿ ನಾನೂ ನಿಷ್ಪಕ್ಷಪಾತಿ ಅಲ್ಲ. ದಯವಿಟ್ಟು ಬೇರೊಬ್ಬರು ತೀರ್ಮಾನಿಸಿ. ಪ್ರೇಮಲತಾ.’

ಒತ್ತಿದಳು. ಅದು ಪ್ರಕಟವಾಯಿತು. ನಾಡಿನ ಮೂಲೆಮೂಲೆಯಲ್ಲಿ ಯಾರು ಬೇಕಾದರೂ ಓದಬಹುದಾಗಿತ್ತು. ಕಣ್ಣಿಗೆ ಕತ್ತಲೆ ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ.

ವೀರಭದ್ರಯ್ಯ ಫೋನು ಮಾಡಿದರು. “ನಲವತ್ತು ವರ್ಷ ಮೇಷ್ಟ್ರಾಗಿದ್ದೆ ಕಣಮ್ಮ, ಇಂಥಾ ರಜಾ ಅರ್ಜಿ ನೋಡಿರ್ಲಿಲ್ಲ,” ಎಂದು ಇಟ್ಟುಬಿಟ್ಟರು. ಅವರ ದನಿಯಲ್ಲಿ ಬೇಸರವಿರಲಿಲ್ಲ.

ಲೇಖನ ಕೋರ ಎಂಬ ಊರಿನ ಚಿಕ್ಕಬೀರಯ್ಯನವರ ಕೈಗೆ ಹೋಯಿತು. ಅವರು ಗಣಿತದ ಮೇಷ್ಟ್ರು. ಮಿತಭಾಷಿ. ಎರಡು ಅಲ್ಪವಿರಾಮ ತಿದ್ದಿದರು. ಅವಳ ಪ್ಯಾರಾದಲ್ಲಿ ಒಂದು ಆಧಾರ ಸೇರಿಸಿದರು. ‘ಲೇಖನ ಸಮತೋಲನವಾಗಿದೆ. ಮುಖಪುಟಕ್ಕೆ ಆಗಬಹುದು,’ ಎಂದರು. ಅವಳು ಇಡೀ ಚಳಿಗಾಲ ಎಳೆದಿದ್ದನ್ನು ಅವರು ವಾರದೊಳಗೆ ಮುಗಿಸಿದರು.

ಮುಂದಿನ ಸೋಮವಾರ ಬಸ್ಸಿನಲ್ಲಿ ಮೊಬೈಲು ತೆರೆದಾಗ ಮುಖಪುಟದಲ್ಲಿ ಬಿಳಿಯ ಛತ್ರವೊಂದು ಅರಳಿ ನಿಂತಿತ್ತು. ಅವನೇ ತೆಗೆದ ಚಿತ್ರ. ಅದರ ಕೆಳಗೆ ಲೇಖನದ ಮೊದಲ ಸಾಲುಗಳು. ಓದಿದವರು ಬಹಳ. ಕೆಲವರು ಬಾಂಬಿನ ಮಾತು ಯಾಕೆ ತಂದಿರಿ ಎಂದು ಬರೆದರು, ಇನ್ನು ಕೆಲವರು ಇಂಥ ಕಂಪನಿಗೆ ಮುಖಪುಟ ಯಾಕೆ ಕೊಟ್ಟಿರಿ ಎಂದು ಬರೆದರು. ಅವನು ಮಾತ್ರ ಏನೂ ಬರೆಯಲಿಲ್ಲ. ನೋಡಿದನೋ ಇಲ್ಲವೋ ಅದೂ ತಿಳಿಯಲಿಲ್ಲ. ವಾರ ಕಳೆದು ಅಲ್ಲಿಗೆ ಹಲಸಿನ ಹಣ್ಣಿನ ಲೇಖನ ಬಂತು. ಚರ್ಚಾಪುಟದ ಮೇಲೆ ಬೂದುಬಣ್ಣದ ಪಟ್ಟಿಯೊಂದು ಬಿತ್ತು: ಈ ಚರ್ಚೆ ಮುಕ್ತಾಯವಾಗಿದೆ, ಇಲ್ಲಿ ಇನ್ನು ಬರೆಯುವಂತಿಲ್ಲ.

ಯುಗಾದಿ ಬಂತು, ಹೋಯಿತು. ಕುಣಿಗಲ್ಲಿನ ಕೆರೆಯ ಮೇಲಿಂದ ಬರುವ ಗಾಳಿಯೂ ಬಿಸಿಯಾಯಿತು. ಪರೀಕ್ಷೆ ಮುಗಿದು ಪೇಪರ್ ತಿದ್ದುವ ಕೆಲಸ ಶುರುವಾಯಿತು. ಕಾಲೇಜಿನಲ್ಲಿ ಕೆಲವರು ಅವಳ ಘೋಷಣೆಯನ್ನು ಓದಿದ್ದರು. ಒಬ್ಬಿಬ್ಬರು ಮುಸಿಮುಸಿ ನಕ್ಕರು. ಅವಳಿಗೆ ಅದು ತಟ್ಟಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡರೆ ತಾನೆಂದೂ ಕಾಣದ ಒಂದು ಮರಳುಗಾಡು ಬರುತ್ತಿತ್ತು. ಅಲ್ಲಿ ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ಒಬ್ಬ ಮನುಷ್ಯ ಆಕಾಶ ನೋಡುತ್ತಾ ನಿಂತಿರುತ್ತಿದ್ದ. ಅಲ್ಲಿ ಏನು ಇಳಿಯುತ್ತಿದೆ ಎಂದು ನೆನೆಯುವುದಕ್ಕೂ ಅವಳು ಕಲಿತಿದ್ದಳು. ನೆನೆದರೂ ಅವನ ಮೇಲಿನ ಮನಸ್ಸು ಕದಲಲಿಲ್ಲ.

ಒಂದು ಭಾನುವಾರ, ಪುಟ್ಟತಾಯಮ್ಮ ಹಜಾರದಲ್ಲಿ ಗೋಣಿ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿರುವಾಗ ಪ್ರೇಮಲತಾಳ ಫೋನು ಬಡಿದುಕೊಂಡಿತು. ದನಿ ಬಹಳ ದೂರದಿಂದ ಬರುವಂತಿತ್ತು, ನಡುನಡುವೆ ಗಾಳಿ.

“ಮೇಡಂ, ಭಾನುಪ್ರಕಾಶ್. ಇವತ್ತು ಪಟ್ಟಣಕ್ಕೆ ಬಿಟ್ಟಿದಾರೆ. ಈಗ ನೋಡಿದೆ.”

“ಲೇಖನನಾ?”

“ಲೇಖನಾನೂ ನೋಡಿದೆ. ನೀವು ಬರೆದಿರೋ ಪ್ಯಾರಾ ಸರಿಯಾಗಿದೆ. ಓದುವಾಗ ಎದೆ ಭಾರ ಆಯ್ತು, ಆದ್ರೆ ಸರಿಯಾಗಿದೆ. ಆಮೇಲೆ ನಿಮ್ಮ ಘೋಷಣೆ ನೋಡಿದೆ. ಅಭಿಮಾನ ಅಂತ ಬರ್ದಿದೀರ.”

ಅವಳು ಗೋಡೆಗೆ ಒರಗಿ ನಿಂತಳು.

“ಆ ಪದಾನ ಯಾರೂ ಪ್ರಶ್ನೆ ಮಾಡ್ಲಿಲ್ವಾ?”

“ಇಲ್ಲ,” ಎಂದಳು.

“ನಾನು ಮಾಡ್ತೀನಿ. ಫೋನಲ್ಲಿ ಬೇಡ. ಬಂದ್ಮೇಲೆ.”

“ಬರೋದು ಯಾವಾಗ?”

“ಗೊತ್ತಿಲ್ಲ. ಗಾಳಿ ಸರಿಯಾಗಿ ಸಿಕ್ತಾ ಇಲ್ಲ ಇಲ್ಲಿ, ಟ್ರಯಲ್ ಮುಂದೆ ಮುಂದೆ ಹೋಗ್ತಾ ಐತೆ. ವಾಪಸ್ ಬಂದ್ರೆ ಹಳೇ ಶೆಡ್ಡಿಗೆ ಹಾಕಿ ಅಂತ ಕೇಳಿದೀನಿ. ಏನಂತಾರೋ. ಕಾಯ್ತೀರಾ?”

“ಹ್ಞೂಂ,” ಎಂದಳು ಪ್ರೇಮಲತಾ. ಅಷ್ಟರಲ್ಲಿ ಗಾಳಿಯ ಸದ್ದು ಜೋರಾಗಿ ಕರೆ ಕಡಿದುಹೋಯಿತು. ಆ ‘ಹ್ಞೂಂ’ ಅವನಿಗೆ ಮುಟ್ಟಿತೋ ಇಲ್ಲವೋ. ತಿರುಗಿ ಮಾಡಿದಳು. ಸಿಗಲಿಲ್ಲ.

“ಯಾರೇ ಅದು?” ಎಂದಳು ಪುಟ್ಟತಾಯಮ್ಮ, ತಲೆಯೆತ್ತದೆ.

“ಭಾನುಪ್ರಕಾಶ್ ಅಂತ. ಗೂಳೂರಿನೋರು. ಗುಬ್ಬಿ ಹತ್ರ ಕೆಲಸ.” ಮತ್ತೆ ಸೇರಿಸಿದಳು, “ಹೆಂಡತಿ ಇಲ್ಲ. ಒಬ್ಬಳು ಮಗಳು.”

ಪುಟ್ಟತಾಯಮ್ಮನ ಕೈ ನಿಂತಿತು. ಮಗಳ ಮುಖವನ್ನು ಒಮ್ಮೆ ಪೂರ್ತಿ ನೋಡಿದಳು. ಗೋಣಿಯ ಮೇಲಿದ್ದ ಹುಣಸೆಯ ರಾಶಿಯಲ್ಲಿ ಅರ್ಧವನ್ನು ಮಗಳ ಕಡೆ ಸರಿಸುತ್ತಾ ಹೇಳಿದಳು, “ಬಾ, ಕೂತ್ಕೊ. ಒಬ್ಬಳೇ ಬಿಡಿಸಿದ್ರೆ ಮುಗಿಯಲ್ಲ ಇದು.”

ಪ್ರೇಮಲತಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹೊರಗೆ ಮರಳೂರಿನ ಬೀದಿಯಲ್ಲಿ ಮೊಸರಿನವಳು ಕೂಗುತ್ತಾ ಹೋದಳು. ತಾಯಿ ಮಗಳು ಇಬ್ಬರೂ ಬೀಜ ಬಿಡಿಸತೊಡಗಿದರು.